ತಲೆ ಇಡುವ ಮರ, ಬಾಯಿ ಇಡುವ ಮರ

ವರ್ಷದ ಭವಿಷ್ಯನುಡಿ ಹೊರಡುವ ಕಾರ್ಣಿಕದ ಹಿಂದಿನ ರಾತ್ರಿ ದೇವರಗುಡ್ಡದಲ್ಲಿ ಮಲಗಿದವನಿಗೆ ಮಗ್ಗುಲು ಬದಲಿಸುವ ಭಾಗ್ಯವಿಲ್ಲ. ಗುಡಿಯ ಪೌಳಿ ತುಂಬಿರುತ್ತದೆ, ಅಂಗಡಿಗಳ ಸಂದಿ ತುಂಬಿರುತ್ತದೆ, ಟ್ರ್ಯಾಕ್ಟರ್ ಟ್ರೇಲರುಗಳ ಮೇಲೂ ಅಡಿಗೂ ಜನ. ಕಾಲಡಿಯ ಮಣ್ಣು, ಹಾಸಿದ ಜಮಖಾನ ಎರಡೂ ಒಂದೇ ಹಳದಿ. ಅರಿಸಿನದ ಭಂಡಾರ ಮೂಗಿಗೆ ಹೋಗಿ ಸೀನು ಬರುತ್ತಲೇ ಇರುತ್ತದೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ರಾತ್ರಿ ನನ್ನ ಪಕ್ಕ ಮಲಗಲು ಅಣಿಯಾಗುತ್ತಿದ್ದವರು ಮೈಲಾರ ದೇವರ ಸೇವೆಯ ಒಬ್ಬ ಮುದಿ ಗೊರವಯ್ಯ. ಕರಿಕಂಬಳಿಯ ನಿಲುವಂಗಿ ಕಳಚಿ, ನಾಲ್ಕು ಮಡಿಕೆ ಮಾಡಿ ತಲೆದೆಸೆಗೆ ಇಟ್ಟರು. ಕವಡೆಸರ, ಡಮರುಗ, ಪಿಳ್ಳಂಗೋವಿ ಚೀಲಕ್ಕೆ ಹೋದವು. ಉಳಿದದ್ದು ಮರದ ದೋಣಿ ಎಂಬ ಪಾತ್ರೆ. ಬೋರಲು ಹಾಕಿದ್ದರೆ ತಲೆದಿಂಬಿಗೆ ಹೇಳಿ ಮಾಡಿಸಿದ ಎತ್ತರ. ಅಜ್ಜ ಅದನ್ನು ಕಂಬಳಿಗೆ ತಾಗದಂತೆ ಒಂದು ಗೇಣು ಆಚೆ, ಬಾಯಿ ಮೇಲಾಗಿ ಇಟ್ಟರು.

"ಅಜ್ಜಾರ, ಅದನ್ನ ತಲೀಗೆ ಇಟ್ಕೊಂಡಿದ್ರ ಚಲೋ ಆಗ್ತಿತ್ತಲ್ರೀ?" ಎಂದೆ.

"ಹುಚ್ಚಪ್ಪಾ, ತಲಿ ಇಡೂ ಮರ ಬ್ಯಾರೆ, ಬಾಯಿ ಇಡೂ ಮರ ಬ್ಯಾರೆ."

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಅವರಿಗೆ ಗೊರಕೆ ಹತ್ತಿತ್ತು.

ನಾನು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ಆ ದಿನಗಳಲ್ಲಿ ನನ್ನ ತಲೆಯಲ್ಲಿ ಆಫ್ರಿಕದ ಮರದ ತಲೆಗಿಂಬುಗಳೇ ತುಂಬಿದ್ದವು. ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ಕಸಾಯಿ ಸೀಮೆಯಲ್ಲಿ, ಲುಲುವಾ ನದಿಯ ಆಸುಪಾಸಿನಲ್ಲಿ ಇರುವ ಜನ ಲುಲುವಾ. ನದಿಯ ಹೆಸರನ್ನೇ ಜನಕ್ಕೆ ಅಂಟಿಸಿದವರು ಹೊರಗಿನವರು. ಆಮೇಲೆ ಅದೇ ಉಳಿಯಿತು. ಅವರ ಕೆತ್ತನೆಗಳ ಚಿತ್ರಗಳನ್ನು ನೋಡುತ್ತ ಹೋದರೆ ಮೊದಲು ಕಣ್ಣಿಗೆ ಬೀಳುವುದು ತಾಯಿ-ಮಗುವಿನ ವಿಗ್ರಹಗಳು, ಕೈಕಾಲು ಮಡಚಿ ಕುಕ್ಕರುಗಾಲಲ್ಲಿ ಕೂತ ಪುಟ್ಟ ಆಕೃತಿಗಳು, ಮುಖವಾಡಗಳು. ತಲೆಗಿಂಬು ಅವುಗಳ ಮರೆಯಲ್ಲಿರುವ ಸಣ್ಣ ವಸ್ತು. ಒಂದೇ ದಿಮ್ಮಿಯಿಂದ ಬಾಚಿಯಲ್ಲಿ ಕೆತ್ತಿ ತೆಗೆದದ್ದು: ಕೆಳಗೊಂದು ಪೀಠ, ಮೇಲೆ ಕತ್ತಿಗೆ ಹೊಂದುವಂತೆ ಒಳಬಾಗಿದ ಪಟ್ಟಿ, ನಡುವೆ ಕಂಬ. ಆ ಕಂಬದ ಜಾಗದಲ್ಲಿ ಹೆಣ್ಣೋ ಗಂಡೋ ನಿಂತು, ಇಲ್ಲವೆ ಕೂತು, ಮಲಗಿದವರ ತಲೆಯನ್ನು ಹೊತ್ತಿರುವಂಥವು ಮಧ್ಯ ಆಫ್ರಿಕದಲ್ಲಿ ಹೆಚ್ಚು ಹೆಸರಾದವು. ಗಾತ್ರ ನಮ್ಮ ಮಣೆಗಿಂತ ದೊಡ್ಡದಲ್ಲ.

ಕನ್ನಡಿಗನಿಗೆ ಇದನ್ನು ವಿವರಿಸಲು ಬೇರೆ ಪದ ಬೇಕಿಲ್ಲ. ತಲೆಗೆ ಇಂಬು, ತಲೆಗಿಂಬು. ಇಂಬು ಎಂದರೆ ಜಾಗ, ಆಸರೆ, ಆಶ್ರಯ. ಇಂಬು ಕೊಟ್ಟವರು, ಇಂಬಿಲ್ಲದವರು ಎನ್ನುತ್ತೇವೆ. ಹತ್ತಿ ತುಂಬಿದ ಮೆತ್ತನೆಯ ಚೀಲಕ್ಕೇ ಈ ಹೆಸರು ಸಲ್ಲಬೇಕೆಂದು ಪದ ಎಲ್ಲಿಯೂ ಹೇಳುವುದಿಲ್ಲ. ತಲೆಗೆ ಆಸರೆಯಾದದ್ದೆಲ್ಲ ತಲೆಗಿಂಬು. ಕಲ್ಲಾದರೂ ಸರಿ, ಕೊರಡಾದರೂ ಸರಿ, ಬಲದ ತೋಳಾದರೂ ಸರಿ.

ಗಟ್ಟಿ ತಲೆಗಿಂಬಿನ ಚರಿತ್ರೆ ಬಲು ಉದ್ದ. ಈಜಿಪ್ಟಿನ ತುತಂಖಾಮೆನ್ ಸಮಾಧಿಯನ್ನು 1922ರಲ್ಲಿ ಹಾವರ್ಡ್ ಕಾರ್ಟರ್ ತೆರೆದಾಗ ಸಿಕ್ಕ ರಾಶಿಯಲ್ಲಿ ದಂತದ ಒಂದು ತಲೆಗಿಂಬು ಇತ್ತು. ಗಾಳಿಯ ದೇವರು ಶು ಮಂಡಿಯೂರಿ, ಎರಡೂ ಕೈಯೆತ್ತಿ ಬಾಗಿದ ಪಟ್ಟಿಯನ್ನು ಹಿಡಿದಿದ್ದಾನೆ. ಎಡಬಲಕ್ಕೆ ಒಂದೊಂದು ಸಿಂಹ. ಸತ್ತವರ ತಲೆ ದೇಹದಿಂದ ಬೇರೆಯಾಗದಿರಲೆಂದು ಈಜಿಪ್ಟಿನವರ ಮೃತರ ಪುಸ್ತಕದಲ್ಲಿ ತಲೆಗಿಂಬಿಗೇ ಒಂದು ಮಂತ್ರವಿದೆ. ಚೀನದ ಸೊಂಗ್ ರಾಜರ ಕಾಲದಲ್ಲಿ ಪಿಂಗಾಣಿಯ ತಲೆದಿಂಬುಗಳು ಮನೆಮನೆಯ ವಸ್ತು. ಜಪಾನಿನ ಹೆಂಗಸರು ಕೇಶಾಲಂಕಾರ ಕೆಡದಂತೆ ಪೆಟ್ಟಿಗೆಯ ಮೇಲೆ ಸಣ್ಣ ದಿಂಬು ಕಟ್ಟಿ ಕತ್ತನ್ನು ಆನಿಸುತ್ತಿದ್ದರು. ಜಿಂಬಾಬ್ವೆಯ ಶೋನಾ ಗಂಡಸರ ತಲೆಗಿಂಬಿಗೆ ಮುತ್ಸಾಗೊ ಎಂದು ಹೆಸರು. ನಿದ್ದೆಯಲ್ಲಿ ಹಿರಿಯರ ಬಳಿ ಹೋಗಿಬರುವ ದಾರಿ ಅದರ ಮೇಲಿಂದಲೇ ಎಂಬ ನಂಬಿಕೆ. ಸೊಮಾಲಿಯ, ಕೀನ್ಯಾದ ದನಗಾಹಿಗಳು ಅದನ್ನು ಕೈಯಲ್ಲೇ ಹಿಡಿದು ತಿರುಗುತ್ತಾರೆ, ದಣಿದಾಗ ಅದರ ಮೇಲೆಯೇ ಕೂರುತ್ತಾರೆ.

ಬಹಳ ಕಡೆ ಮೊದಲ ಕಾರಣ ಕೂದಲು. ಲುಲುವಾರ ನೆರೆಯ ಲೂಬಾ ಜನರಲ್ಲಿ ಜಲಪಾತದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಜಡೆಕಟ್ಟು ಇತ್ತು. ಅದನ್ನು ಕಟ್ಟಿ ಮುಗಿಸಲು ದಿನಗಳೇ ಹಿಡಿಯುತ್ತಿದ್ದವು. ಕಟ್ಟಿದರೆ ತಿಂಗಳುಗಟ್ಟಲೆ ಉಳಿಯಬೇಕು. ಮೆತ್ತನೆಯ ದಿಂಬು ಒಂದೇ ರಾತ್ರಿಯಲ್ಲಿ ಅದನ್ನು ಹಾಳು ಮಾಡುತ್ತದೆ. ತಲೆಯನ್ನು ಗಾಳಿಯಲ್ಲಿ ತೇಲಿಸಿ ಕತ್ತನ್ನು ಮಾತ್ರ ಹಿಡಿದುಕೊಳ್ಳುವ ಮರವೇ ಆಗಬೇಕು. ಹೀಗೆ ಹುಟ್ಟಿದ ವಸ್ತುವಿಗೆ ಕೆತ್ತುವವನು ಅದೇ ಜಡೆಕಟ್ಟಿನ ಹೆಣ್ಣನ್ನು ಕಂಬವಾಗಿ ನಿಲ್ಲಿಸಿದ. ಮೇಲೆ ಮಲಗಿದವಳ ಜಡೆ, ಕೆಳಗೆ ಹೊತ್ತವಳ ಜಡೆ ಎರಡೂ ಒಂದೇ. ಈ ಜಾಣತನಕ್ಕೆ ನಾನು ಮಾರುಹೋದವನು, ಒಪ್ಪಿಕೊಳ್ಳುತ್ತೇನೆ.

ಲುಲುವಾರ ವಿಷಯದಲ್ಲಿ ಇನ್ನೊಂದು ತಿರುವಿದೆ. ಅವರ ವಿಗ್ರಹಗಳ ಹಣೆ, ಕೆನ್ನೆ, ಕತ್ತು, ಹೊಟ್ಟೆಯ ತುಂಬ ಸುರುಳಿ, ವೃತ್ತ, ಸಾಲುಗೆರೆಗಳ ಚಿತ್ತಾರ. ಅವು ಚರ್ಮ ಗೀರಿ ಮಾಡಿಕೊಳ್ಳುತ್ತಿದ್ದ ಗಾಯಗುರುತುಗಳ ನಕಲು. ಮೈಯ ಚೆಲುವು, ನಡತೆಯ ಒಳ್ಳೆಯತನ ಎರಡಕ್ಕೂ ಅವರ ಭಾಷೆಯಲ್ಲಿ ಒಂದೇ ಪದ, ಬ್ವಿಂಪೆ. ಹಸುಗೂಸುಗಳನ್ನು ಕಳೆದುಕೊಂಡ ತಾಯಂದಿರು ಮುಂದಿನ ಮಗು ಉಳಿಯಲೆಂದು ಇಟ್ಟುಕೊಳ್ಳುತ್ತಿದ್ದ ವಿಗ್ರಹಗಳಿಗೆ ಕೆಂಪು ಮರದ ಪುಡಿಯನ್ನೂ ಎಣ್ಣೆಯನ್ನೂ ತಿಕ್ಕುತ್ತಿದ್ದರು, ಮಗುವಿನ ಮೈ ತಿಕ್ಕಿದ ಹಾಗೆ. ಚರ್ಮದ ಮೇಲಿನ ಚಿತ್ತಾರ ಜನರಲ್ಲಿ ಅಳಿಯುತ್ತ ಬಂದ ಮೇಲೂ ಮರದ ಮೇಲೆ ಉಳಿಯಿತು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಕಲಂಬಾ ಮುಕೆಂಗೆ ಎಂಬ ಒಡೆಯ ಭಂಗಿ ಸೇದುವುದನ್ನೇ ಒಂದು ಪಂಥವಾಗಿ ಹಬ್ಬಿಸಿ, ಹಳೆಯ ತಾಯತ-ವಿಗ್ರಹಗಳನ್ನು ಬಿಡಿಸಹೊರಟ. 1881ರಲ್ಲಿ ಅವನಲ್ಲಿಗೆ ಬಂದ ಜರ್ಮನರಾದ ಪೌಲ್ ಪೊಗ್ಗೆ, ಹೆರ್ಮನ್ ವಿಸ್ಮನ್ ಅವನ ಸ್ನೇಹ ಸಂಪಾದಿಸಿದರು. 1884ರಲ್ಲಿ ಲುಲುವಾಬುರ್ಗ್ ಠಾಣೆ ಎದ್ದಿತು. ಅದೇ ಇಂದಿನ ಕನಾಂಗಾ ನಗರ. ವಿಸ್ಮನ್ ಕಾಲದಲ್ಲಿ ಸಂಗ್ರಹವಾದ ಲುಲುವಾ ವಸ್ತುಗಳು ಬರ್ಲಿನ್ನಿನ ಮ್ಯೂಸಿಯಂ ಸೇರಿದವು. 1922ರಲ್ಲಿ ತಾಯಿ-ಮಗುವಿನ ಒಂದು ಪುಟ್ಟ ವಿಗ್ರಹ ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಮ್ಮಿಗೆ ಹೋಯಿತು; ಮರುವರ್ಷ ಅಲ್ಲಿನ ಸ್ಟುವರ್ಟ್ ಕ್ಯೂಲಿನ್ ಕಾಂಗೊದ ಕೆತ್ತನೆಗಳನ್ನು ಕುತೂಹಲದ ಸರಕೆಂದು ಇಡದೆ ಕಲೆ ಎಂದೇ ಕರೆದು ಪ್ರದರ್ಶನ ಏರ್ಪಡಿಸಿದ. 1966ರಲ್ಲಿ ಪೌಲ್ ಟಿಮ್ಮರ್ಮನ್ಸ್ ಲುಲುವಾ ಕೆತ್ತನೆಯನ್ನು ಬಗೆಬಗೆಯಾಗಿ ವಿಂಗಡಿಸಿದ. 2018ರಲ್ಲಿ ಕಾನ್‌ಸ್ಟಂಟೈನ್ ಪೆಟ್ರಿಡಿಸ್ ಅವರ ದೊಡ್ಡ ಗ್ರಂಥ ಬಂತು.

ಈ ನೂರನಲವತ್ತು ವರ್ಷಗಳಲ್ಲಿ ಪ್ರಶ್ನೆಯೇ ಎರಡು ಸಲ ಬದಲಾಯಿತು. ಮೊದಲು, ಇದನ್ನು ಯಾವ ಜನ ಮಾಡಿದರು? ಆಮೇಲೆ, ಇದು ಕಲೆಯೋ ಅಲ್ಲವೋ? ಈಗ, ಇದನ್ನು ಬಳಸಿದವರಿಗೆ ಇದು ಏನಾಗಿತ್ತು? ನನ್ನ ಮಟ್ಟಿಗೆ ಮೂರನೆಯದಕ್ಕೆ ಉತ್ತರ ಪುಸ್ತಕದಲ್ಲಿ ಸಿಗುವುದು ಕಷ್ಟ, ಕತ್ತಿನಲ್ಲಿ ಸಿಗುತ್ತದೆ. ತಲೆಗಿಂಬನ್ನು ಗಾಜಿನ ಪೆಟ್ಟಿಗೆಯಲ್ಲಿ ಎದೆಮಟ್ಟಕ್ಕೆ ಇಟ್ಟು, ಮೇಲಿಂದ ದೀಪ ಬಿಟ್ಟು, ನಿಂತು ನೋಡುತ್ತೇವೆ. ಅದನ್ನು ಮಾಡಿದ್ದು ನಿಂತು ನೋಡುವುದಕ್ಕಲ್ಲ. ಅದರ ಮೇಲೆ ಮಲಗಿದವನಿಗೆ ಅದು ಕಾಣುವುದೇ ಇಲ್ಲ. ಕಿವಿಯ ಹಿಂದೆ ತಣ್ಣಗೆ ತಾಗುತ್ತದೆ ಅಷ್ಟೆ. ಬಳಕೆಯ ಕೆತ್ತನೆ ಮೈಯಿಂದ ಒಂದು ಭಂಗಿಯನ್ನು ಕೇಳುತ್ತದೆ. ಆ ಭಂಗಿ ತಪ್ಪಿದರೆ ಉಳಿಯುವುದು ಬರಿ ಮರ.

ಹೀಗೆ ಯೋಚಿಸಿಕೊಂಡು ದೇವರಗುಡ್ಡಕ್ಕೆ ಹೋದವನು ನಾನು.

ರಾಣೆಬೆನ್ನೂರಿಗೂ ಬ್ಯಾಡಗಿಗೂ ನಡುವೆ ದೇವರಗುಡ್ಡ ಎಂಬ ರೈಲು ಸ್ಟೇಷನ್ನೇ ಇದೆ. ಹಳೆಯ ಬರಹಗಳಲ್ಲಿ ಊರಿನ ಹೆಸರು ಗುಡ್ಡಗುಡ್ಡಾಪುರ. ಗುಡ್ಡದ ಮೇಲೆ ಮಾಲತೇಶ, ಜೊತೆಗೆ ಗಂಗಿಮಾಳವ್ವ. ಮಾಲತೇಶ ಎಂದರೂ ಮೈಲಾರಲಿಂಗ ಎಂದರೂ ಒಬ್ಬನೇ. ಹೂವಿನಹಡಗಲಿ ತಾಲೂಕಿನ ಮೈಲಾರ, ಬೀದರ ಕಡೆಯ ಆದಿಮೈಲಾರ, ಪುಣೆ ಜಿಲ್ಲೆಯ ಜೇಜುರಿಯ ಖಂಡೋಬಾ, ತೆಲಂಗಾಣದ ಕೊಮುರವೆಲ್ಲಿಯ ಮಲ್ಲನ್ನ ಎಲ್ಲ ಒಂದೇ ಬಳಗ. ಮಣಿ-ಮಲ್ಲ ಎಂಬ ರಕ್ಕಸರನ್ನು ಕೊಂದ ದಂಡಿನೊಡೆಯ ಇವನು. ಅದಕ್ಕೇ ಗುಡ್ಡದ ತುಂಬ 'ಏಳುಕೋಟಿಗೋ' ಎಂಬ ಕೂಗು. ಕುರುಬರು, ಒಕ್ಕಲಿಗರು, ಲಿಂಗಾಯತರು, ದಲಿತರು, ಯಾರಿಗೆ ಮನೆದೇವರಲ್ಲ? ನಮ್ಮ ಸೀಮೆಯಲ್ಲಿ ಹೆಸರಿನಲ್ಲೇ ಮೈಲಾರ ಇರುತ್ತಾನೆ. ದಂಡಿಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದು, 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರನ್ನು ನೆನೆದರೆ ಸಾಕು.

ತಲೆಗಿಂಬನ್ನು ಹುಡುಕಿದರೆ ಈ ಸೀಮೆಯಲ್ಲಿ ಸಿಗುವುದು ಮರವಲ್ಲ, ಉಣ್ಣೆ. ಕಂಬಳಿ ಹಾಸಿದರೆ ಹಾಸಿಗೆ, ಹೊದ್ದರೆ ಹೊದಿಕೆ, ಕೊಪ್ಪೆ ಮಾಡಿದರೆ ಮಳೆಗೆ ಕೊಡೆ, ಮಡಚಿದರೆ ತಲೆಗಿಂಬು, ದೇವರ ಮುಂದೆ ಹಾಸಿದರೆ ಗದ್ದುಗೆ. ರಾಣೆಬೆನ್ನೂರು ತಾಲೂಕಿನ ಮೆಡ್ಲೇರಿ ಕಂಬಳಿಗೇ ಹೆಸರಾದ ಊರು. ಕಂಬಳಿ ಇಲ್ಲದವನಿಗೆ ರುಮಾಲು ಉಂಟು. ಹಗಲು ತಲೆಯ ಮೇಲಿದ್ದದ್ದು ರಾತ್ರಿ ತಲೆಯ ಕೆಳಗೆ ಬರುತ್ತದೆ. ಕುರಿ ತರುಬಲು ಊರೂರು ಅಲೆಯುವವನಿಗೆ ಮರದ ತುಂಡೊಂದನ್ನು ಹೊರುವ ಕರ್ಮ ಯಾಕೆ ಎಂದು ನಾನು ಮೊದಲು ವಾದ ಹೂಡಿದ್ದೆ. ವಾದ ನಿಲ್ಲಲಿಲ್ಲ. ಸೊಮಾಲಿಯ ದನಗಾಹಿ ನಮ್ಮ ಕುರಿಗಾಹಿಗಿಂತ ಹೆಚ್ಚು ಅಲೆಯುತ್ತಾನೆ, ಮರವನ್ನು ಹೊತ್ತೂ ಇರುತ್ತಾನೆ. ವ್ಯತ್ಯಾಸ ಅಲೆದಾಟದಲ್ಲಿಲ್ಲ, ಮತ್ತೆ ಕೂದಲಿನಲ್ಲಿದೆ. ರುಮಾಲು ಸುತ್ತುವ ಜನಕ್ಕೆ ಜಡೆಕಟ್ಟು ಉಳಿಸಿಕೊಳ್ಳುವ ಚಿಂತೆ ಇರಲಿಲ್ಲ.

ಇಲ್ಲೊಂದು ಅಡ್ಡಮಾತು. ಹಾನಗಲ್ಲು, ಶಿಗ್ಗಾಂವಿ ದಾಟಿ ಮುಂಡಗೋಡ, ಯಲ್ಲಾಪುರದ ಕಾಡಿಗೆ ಹೊಕ್ಕರೆ ಸಿದ್ದಿಗಳ ಹಾಡಿಗಳು. ಪೋರ್ಚುಗೀಸರ ಗೋವೆಯ ಮೂಲಕ ಪೂರ್ವ ಆಫ್ರಿಕದಿಂದ ಬಂದವರ ಮಕ್ಕಳು ಮೊಮ್ಮಕ್ಕಳು. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಆಫ್ರಿಕದ ಮರ ನಮ್ಮ ಮಗ್ಗುಲಲ್ಲಿ ದನಿಯಾಗಿ ಉಳಿದದ್ದು ಅವರ ಡಮಾಮಿ ವಾದ್ಯದಲ್ಲಿ. ಆಫ್ರಿಕ ಎಂದರೆ ದೂರದ ಪುಸ್ತಕ ಎಂದುಕೊಂಡವರು ಒಂದು ಮಧ್ಯಾಹ್ನ ಆ ಹಾಡಿಗಳಿಗೆ ಹೋಗಿಬರಬೇಕು.

ಇನ್ನು ದೋಣಿ.

ಕನ್ನಡದಲ್ಲಿ ದೋಣಿ ಎಂದರೆ ಹೊಳೆ ದಾಟಿಸುವುದು ಮಾತ್ರವಲ್ಲ. ದಿಮ್ಮಿಯನ್ನು ಒಳಗೆ ತೋಡಿ ಮಾಡಿದ್ದೆಲ್ಲ ದೋಣಿಯೇ. ಬಾವಿಯ ಬದಿಗೆ ದನಕ್ಕೆ ನೀರು ಹಾಕುವುದೂ ದೋಣಿ. ರೊಟ್ಟಿ ಹಿಟ್ಟು ನಾದುವ ಮರದ ಕೊಣಮಿಗಿ, ಅನ್ನ ಬಗ್ಗಿಸುವ ಮರಿಗೆ ಇವೂ ಅದೇ ಕುಲ. ಜೋಡಣೆ ಇಲ್ಲ, ಮೊಳೆ ಇಲ್ಲ, ಒಂದೇ ಮರ. ಬಡಿಗ ಬಾಚಿಯಲ್ಲಿ ಹೊರಮೈ ಸವರುತ್ತಾನೆ, ಉಳಿ-ಕೊಡತಿಯಲ್ಲಿ ಒಳಗೆ ತೋಡುತ್ತಾನೆ. ತೋಡುವುದರಲ್ಲಿ ಕೈ ಜಾರಿ ತಳ ತೂತಾದರೆ ಅಲ್ಲಿಗೆ ಮುಗಿಯಿತು. ಸೇರಿಸಿ ಸರಿಮಾಡುವ ಅವಕಾಶವಿಲ್ಲ. ಕಸಾಯಿಯ ಕೆತ್ತುಗನೂ ಇದೇ ನಿಯಮಕ್ಕೆ ಒಳಗಾದವನು. ಬಾಚಿ ಹಿಡಿದ ಎಲ್ಲ ಕೈಗಳಿಗೂ ಮರ ಒಂದೇ ಶಿಸ್ತು ಕಲಿಸುತ್ತದೆ: ತೆಗೆದದ್ದನ್ನು ಮತ್ತೆ ಹಾಕಲಾಗದು.

ಮೈಲಾರನ ಗೊರವರ ದೋಣಿಗಳು ಮರದವೂ ಉಂಟು, ಹಿತ್ತಾಳೆ-ಕಂಚಿನವೂ ಉಂಟು. ಅಜ್ಜನದು ಮರದ್ದು. ಬೆಳಗ್ಗೆ ಅವರು ಮುಖ ತೊಳೆಯಲು ಎದ್ದಾಗ ಬಗ್ಗಿ ನೋಡಿದೆ, ಮುಟ್ಟಲು ಧೈರ್ಯವಾಗಲಿಲ್ಲ. ಎರಡು ತುದಿ ಚೂಪಾಗಿ ನಡು ಅಗಲವಾದ ಆಕಾರ. ಹೊರಮೈ ಕರಿಬೂದಿ ಬಣ್ಣ, ಅಲ್ಲಲ್ಲಿ ಬಾಚಿಯ ಏಟು ಇನ್ನೂ ಎಣಿಸುವಂತೆ ಉಳಿದಿತ್ತು. ಒಳಮೈ ಬೇರೆಯದೇ ಲೋಕ: ವರ್ಷಗಟ್ಟಲೆ ತುಪ್ಪ, ಹಾಲು, ಬಾಳೆಹಣ್ಣಿನ ಪಸೆ ಕುಡಿದು, ಅದರ ಮೇಲೆ ಭಂಡಾರ ಕೂತು ಜೇನುಬಣ್ಣಕ್ಕೆ ತಿರುಗಿದ ನುಣುಪು. ಒಂದು ಕಡೆಯ ಅಂಚಿನಲ್ಲಿ ಬಿರುಕು, ಅದಕ್ಕೆ ತಗಡಿನ ಪಟ್ಟಿ ಹೊಡೆದು ನಾಲ್ಕು ಸಣ್ಣ ಮೊಳೆ. ಚಿತ್ತಾರ ಎಂಬುದು ಅಂಚಿನ ಕೆಳಗೆ ಸುತ್ತಲೂ ಹೋದ ಎರಡು ಗೆರೆ ಮಾತ್ರ. ಆಕೃತಿ ಇಲ್ಲ, ಸಿಂಹ ಇಲ್ಲ, ಜಡೆಯ ಹೆಣ್ಣಿಲ್ಲ. ಕಲೆಯ ಪುಸ್ತಕದವರು ಇದನ್ನು ಒಂದು ಪುಟಕ್ಕೂ ಹತ್ತಿಸಲಾರರು. ಲುಲುವಾ ವಿಗ್ರಹಕ್ಕೆ ತಿಕ್ಕಿದ ಕೆಂಪು ಪುಡಿಯ ಪದರ ಕಂಡು ಬೆರಗಾಗುವವರು ಈ ಹಳದಿ ಪದರವನ್ನು ಕೊಳೆ ಎಂದುಕೊಂಡಾರು.

ಮಧ್ಯಾಹ್ನದ ಹೊತ್ತಿಗೆ ದೋಣಿ ತುಂಬಿಸುವ ಸೇವೆ. ಹರಕೆ ಹೊತ್ತ ಒಂದು ಮನೆಯವರು ಕರಿಕಂಬಳಿ ಹಾಸಿದರು. ಗೊರವರು ಬಂದು ತಮ್ಮ ತಮ್ಮ ದೋಣಿಗಳನ್ನು ಅದರ ಮೇಲೆ ಒತ್ತಾಗಿ ಇಟ್ಟರು. ಬಾಳೆಹಣ್ಣು ಕಿವಿಚಿ ಹಾಕಿದರು, ಮೇಲೆ ಸಕ್ಕರೆ, ಹಾಲು, ತುಪ್ಪ. ಪೂಜೆ ಮುಗಿದದ್ದೇ ತಡ, ಅಲ್ಲಿಯವರೆಗೆ ಗಂಭೀರವಾಗಿ ಡಮರುಗ ನುಡಿಸುತ್ತಿದ್ದವರು ಕೈ ನೆಲಕ್ಕೆ ಊರಿ ನಾಯಿಯಾದರು. ಬೊಗಳು, ಗುರ್ರೆನ್ನುವಿಕೆ, ಹಲ್ಲು ಕಿರಿಯುವಿಕೆ. ಒಬ್ಬರ ದೋಣಿಗೆ ಇನ್ನೊಬ್ಬರ ಬಾಯಿ. ಕೈ ಬಳಸುವಂತಿಲ್ಲ. ನನ್ನ ಅಜ್ಜನ ಮೋರೆ ಮೂಗಿನವರೆಗೆ ಬಾಳೆಹಣ್ಣು. ಸುತ್ತ ನಿಂತವರು ನಗುತ್ತಲೂ ಇದ್ದರು, ಕೈ ಮುಗಿಯುತ್ತಲೂ ಇದ್ದರು. ಆಗ ಆ ಅಂಚಿನ ಎತ್ತರ, ಒಳಗಿನ ಇಳಿಜಾರು ನನಗೆ ಅರ್ಥವಾಯಿತು. ನಿಂತು ನೋಡಿದಾಗ ತೀರ ಆಳವಿಲ್ಲದ್ದೆಂದು ಕಂಡ ಪಾತ್ರೆ ಬಗ್ಗಿದ ಬಾಯಿಗೆ ಸರಿಯಾದ ಅಳತೆ. ಕೈಯಿಂದ ಉಣ್ಣುವ ಬಟ್ಟಲು ಇಷ್ಟು ಚಪ್ಪಟೆಯಾಗಿರುವುದಿಲ್ಲ. ಮೂತಿ ಹೊಕ್ಕು ತಳ ನೆಕ್ಕಲು ಇದೇ ಬೇಕು. ಅಜ್ಜ ಹೇಳಿದ 'ಬಾಯಿ ಇಡೂ ಮರ' ಬರಿ ಮಾತಿನ ಚಮತ್ಕಾರವಾಗಿರಲಿಲ್ಲ.

ನಾಯಿ ಯಾಕೆ? ಮೈಲಾರನಿಗೆ ಮಾರ್ತಾಂಡ ಭೈರವ ಎಂಬ ಹೆಸರೂ ಇದೆ. ಭೈರವನ ಹತ್ತಿರ ನಾಯಿ, ಕೈಯಲ್ಲಿ ಕಪಾಲ. ಕಲ್ಲಿನ ಮೈಲಾರಮೂರ್ತಿಯ ಕೈಗಳಲ್ಲಿ ಖಡ್ಗ, ತ್ರಿಶೂಲ, ಡಮರುಗದ ಜೊತೆಗೆ ಒಂದು ಪಾತ್ರೆ ಇರುತ್ತದೆ. ಕಲ್ಲಿನ ಆ ಪಾತ್ರೆ, ಮರದ ಈ ದೋಣಿ ಎರಡನ್ನೂ ಬೇರೆ ಬೇರೆ ಇಟ್ಟು ನೋಡಲಾಗದು. ಒಡೆಯನ ಕೈಯ ಪಾತ್ರೆ ನಾಯಿಯ ಮುಂದೆ ಬಂದಿದೆ. ನಮ್ಮ ಕಡೆ ಇವರಿಗೆ ವಗ್ಗಯ್ಯ ಎಂಬ ಹೆಸರೂ ಉಂಟು. ಜೇಜುರಿಯ ವಾಘ್ಯಾನ ನೆಂಟ ಪದ, ಅದರೊಳಗೆ ಮರಾಠಿಯ ಹುಲಿ 'ವಾಘ' ಅಡಗಿದೆ. ಹೆಸರಿನಲ್ಲಿ ಹುಲಿ, ನಡೆಯಲ್ಲಿ ನಾಯಿ. ಗೊರವ ಎಂಬ ಪದವಂತೂ ಹಳೆಯ ಶಾಸನಗಳಲ್ಲಿ ಶೈವ ಗುರುಗಳಿಗೆ ಸಲ್ಲುತ್ತಿದ್ದದ್ದು. ಮಠದ ಗುರು ಗುಡ್ಡದ ನಾಯಿಯಾದ ಈ ದಾರಿಯ ಬಗ್ಗೆ ಇನ್ನೂ ಒಂದು ದೊಡ್ಡ ಪುಸ್ತಕ ಕನ್ನಡದಲ್ಲಿ ಬರಬೇಕು ಎಂಬುದು ನನ್ನ ಹಳೆಯ ಗೊಣಗು.

ಬರೆದವರು ಇಲ್ಲವೆಂದಲ್ಲ. ಬ್ರಿಟಿಷರ ಕಾಲದ ಬಾಂಬೆ ಗೆಜೆಟಿಯರಿನ ಧಾರವಾಡ ಸಂಪುಟ 1884ರಲ್ಲಿ ಬಂತು; ಗುಡ್ಡಗುಡ್ಡಾಪುರದ ಜಾತ್ರೆ, ವಗ್ಗಯ್ಯಗಳ ನಾಯಿವೇಷ ಅದರ ಕಣ್ಣಿಗೂ ಬಿದ್ದಿದ್ದವು. ವಿಸ್ಮನ್ ಕಸಾಯಿಯಲ್ಲಿ ವಸ್ತು ಸಂಗ್ರಹಿಸುತ್ತಿದ್ದ ಹೊತ್ತೂ ಅದೇ. ಅಲ್ಲಿ ವಸ್ತು ಹಡಗು ಹತ್ತಿತು, ಇಲ್ಲಿ ವರ್ಣನೆ ಪುಸ್ತಕ ಹತ್ತಿತು, ವಸ್ತು ಗೊರವನ ಹೆಗಲಲ್ಲೇ ಉಳಿಯಿತು. ಮರಾಠಿಯಲ್ಲಿ ರಾ. ಚಿಂ. ಢೇರೆ 1961ರಲ್ಲಿ ಖಂಡೋಬಾ ಕುರಿತು ಬರೆದರು. ಜರ್ಮನಿಯ ಗುಂಟರ್ ಸೊಂಥೈಮರ್ ಪಶುಪಾಲಕರ ದೇವರುಗಳನ್ನು ಬೆನ್ನುಹತ್ತಿ ದಖ್ಖನಿನ ಉದ್ದಕ್ಕೂ ನಡೆದವರು, ಜೇಜುರಿಯಿಂದ ಮೈಲಾರದವರೆಗೆ ಒಂದೇ ನಕಾಶೆ ಬಿಡಿಸಿದವರು. ಈ ಎಲ್ಲರ ಗಮನ ಕಥೆಯ ಮೇಲೆ, ಪಂಥದ ಮೇಲೆ, ಜಾತಿಗಳ ಸಂಬಂಧದ ಮೇಲೆ. ದೋಣಿಯ ಅಂಚಿನ ಎತ್ತರ ಅಳೆಯುವ ಪುರುಸೊತ್ತು ಕಡಿಮೆ. ಅತ್ತ ಲುಲುವಾ ಅಧ್ಯಯನದಲ್ಲಿ ಕತೆ ಉಲ್ಟಾ: ವಸ್ತುವಿನ ಎತ್ತರ, ಅಗಲ, ಬಣ್ಣ ಎಲ್ಲ ದಾಖಲೆ, ಮಲಗಿದವನ ಮಾತು ಮಾತ್ರ ಗೈರು. ಎರಡು ಅಧ್ಯಯನಗಳೂ ಒಂದರ ಕುರುಡನ್ನು ಇನ್ನೊಂದು ತೋರಿಸಿಕೊಡುತ್ತವೆ.

ಸುಧಾರಕರ ಮಾತಿಗೆ ಕಿವಿಗೊಡದೆ ಈ ಬರಹ ಮುಂದೆ ಹೋಗಲಾರದು. ಮನುಷ್ಯ ನಾಯಿಯಂತೆ ನೆಕ್ಕುವುದು ಮಾನಕ್ಕೆ ಕುಂದಲ್ಲವೆ ಎಂಬ ಪ್ರಶ್ನೆ ಇಂದಿನದಲ್ಲ. ಶರಣರಿಗೂ ಮೈಲಾರ-ಭೈರವರ ಒಕ್ಕಲುತನದ ಮೇಲೆ ಮುನಿಸಿತ್ತು. ಮೈಲಾರ ಪರಂಪರೆಯ ಪವಾಡಗಳಲ್ಲಿ ಮರ ಮೈಯೊಳಗೇ ಹೊಕ್ಕುವುದೂ ಉಂಟು: ಕಂಚಾವೀರರು ಕಾಲಿನ ಮೀನಖಂಡಕ್ಕೆ ಬಗನಿ ಗೂಟ ಚುಚ್ಚಿಸಿಕೊಳ್ಳುತ್ತಾರೆ. ನಾನು ಆ ಹೊತ್ತಿಗೆ ಮುಖ ತಿರುಗಿಸಿಕೊಳ್ಳುವವನು. ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳ ಕಾಯ್ದೆ 2017ರಲ್ಲಿ ಆಗಿ, 2020ರಲ್ಲಿ ಜಾರಿಗೆ ಬಂದ ಮೇಲೆ ಬಾಯಿಬೀಗದಂಥವು ಕಾನೂನಿನ ಬಲೆಗೆ ಬಿದ್ದವು. ದೋಣಿಯನ್ನು ನಾನು ಆ ಸಾಲಿಗೆ ಸೇರಿಸಲಾರೆ. ಅಲ್ಲಿ ಯಾರಿಗೂ ಗಾಯವಿಲ್ಲ, ಉಂಡವರಿಗೆ ತುಪ್ಪ, ಸುತ್ತಲಿನವರಿಗೆ ನಗೆ. ಆದರೂ ಒಂದು ಮಾತು ಚುಚ್ಚುತ್ತದೆ: ಊರ ದೊಡ್ಡವರ ಮನೆಯವರು ದೋಣಿ ತುಂಬಿಸುತ್ತಾರೆ, ಬೊಗಳುವ ಸರದಿ ಮಾತ್ರ ಬಡವರದು. ಅಜ್ಜನಿಗೆ ಇದನ್ನು ಕೇಳಿದಾಗ ಅವರು ಸಿಟ್ಟಾಗಲಿಲ್ಲ. "ನಾಯಿ ಆದಾಗ ಅವರು ಕೈ ಮುಗೀತಾರ, ಮನುಷ್ಯಾ ಆದಾಗ ಯಾರ ಮುಗೀತಾರ?" ಎಂದರು. ಅದು ಸಮರ್ಥನೆಯೋ ದೂರೋ ನನಗೆ ಬಗೆಹರಿಯಲಿಲ್ಲ.

ಇಳಿಹೊತ್ತಿಗೆ ಜನ ಕಾರ್ಣಿಕ ನಡೆಯುವ ಕರಿಯಾಲದ ಕಡೆ ಹರಿಯತೊಡಗಿತು. ಅಲ್ಲಿ ಇನ್ನೊಂದು ಮರ: ಕಾರ್ಣಿಕದ ಬಿಲ್ಲು. ದಿನಗಟ್ಟಲೆ ಉಪವಾಸವಿದ್ದ ಕಾರ್ಣಿಕದ ಗೊರವಯ್ಯ ಆಳೆತ್ತರವನ್ನು ಮೀರಿ ನಿಂತ ಆ ಬಿಲ್ಲನ್ನು ಸರಸರನೆ ಏರಿ, 'ಸದ್ದಲೇ' ಎಂದು ಕೂಗಿದರೆ ಲಕ್ಷದ ಜನ ಒಂದೇ ಉಸಿರಿಗೆ ಮೌನ. ಒಂದು ಸಾಲಿನ ನುಡಿ; ಅದು ಬಾಯಿಂದ ಬಿದ್ದ ಹಾಗೇ ಆತನೂ ಬೀಳುತ್ತಾನೆ, ಕೆಳಗಿನವರು ಹಿಡಿಯುತ್ತಾರೆ. ಮಳೆಯೋ ಬೆಳೆಯೋ ರಾಜಕೀಯವೋ ಎಂದು ಅರ್ಥ ಬಿಡಿಸುವುದು ರಾತ್ರಿಯಿಡೀ ನಡೆಯುತ್ತದೆ. ನನಗೆ ನುಡಿಗಿಂತ ದಿನ ಮುಖ್ಯವೆನಿಸಿತು. ಮೈಲಾರದಲ್ಲಿ ಕಾರ್ಣಿಕ ಭರತ ಹುಣ್ಣಿಮೆಯ ಜಾತ್ರೆಗೆ. ದೇವರಗುಡ್ಡದಲ್ಲಿ ಮಹಾನವಮಿಗೆ, ಅಂದರೆ ಆಯುಧಪೂಜೆಯ ದಿನ. ಕುಡುಗೋಲು, ಬಾಚಿ, ಟ್ರ್ಯಾಕ್ಟರು, ತಕ್ಕಡಿ ಎಲ್ಲಕ್ಕೂ ಕುಂಕುಮ ಏರುವ ದಿನವೇ ಒಂದು ಬಿಲ್ಲು ಬಾಯಿ ಬಿಡುತ್ತದೆ. ಮೊರ, ಬಾಚಣಿಗೆ, ಕೊಳಗ, ಬಿಲ್ಲಿನ ಹೆದೆ ಹೀಗೆ ಮನೆಯ ವಸ್ತುಗಳೆಲ್ಲ ದೇವರಾದವೆಂದು ಬಸವಣ್ಣನವರು ಒಂದು ವಚನದಲ್ಲಿ ಗೇಲಿ ಮಾಡಿದ್ದಾರೆ. ನಮ್ಮ 'ಇಂಬು' ಎಂಬ ಪದವೂ ಅದರಲ್ಲಿದೆ. ಗೇಲಿಯನ್ನು ಬದಿಗಿಟ್ಟು ಓದಿದರೆ ಅದು ಹನ್ನೆರಡನೆಯ ಶತಮಾನದ ಬಳಕೆಯ ವಸ್ತುಗಳ ಒಂದು ಒಳ್ಳೆಯ ಯಾದಿ. ಅವರು ಸಿಡುಕಿದ್ದರಿಂದಲೇ ನಮಗೆ ದಾಖಲೆ ಸಿಕ್ಕಿತು.

ಇಂಥ ವಸ್ತುಗಳನ್ನು ಉಳಿಸುವುದು ಹೇಗೆ ಎಂಬಲ್ಲಿ ನಮ್ಮ ನಾಡಿನ ಅನುಭವ ಮಿಶ್ರ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ದೊಡ್ಡ ದೊಡ್ಡ ಮರದ ಭೂತವಿಗ್ರಹಗಳು ಹಳತಾದವೆಂದು ಹೊಸವು ಬಂದ ಮೇಲೆ, ಹಳೆಯವು ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಂ ಸೇರಿ ಜಗತ್ತಿಗೆ ಹೆಸರಾದವು. ಗುಡಿಯಲ್ಲಿ ಹಳತಾದದ್ದು ಮ್ಯೂಸಿಯಮ್ಮಿನಲ್ಲಿ ಅಮೂಲ್ಯ! ಮೈಸೂರು ವಿಶ್ವವಿದ್ಯಾಲಯದ ಜಾನಪದ ವಸ್ತುಸಂಗ್ರಹಾಲಯ 1968ರದು. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರ ಜಾನಪದ ಲೋಕ 1994ರದು. ನಮ್ಮ ಜಿಲ್ಲೆಯಲ್ಲೇ, ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ಬಂತು. ಅದರ ನೆರೆಯಲ್ಲೇ ಟಿ.ಬಿ. ಸೊಲಬಕ್ಕನವರ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಉತ್ತರ ಕರ್ನಾಟಕದ ಹಳ್ಳಿಯೇ ಸಿಮೆಂಟಿನಲ್ಲಿ ನಿಂತಿದೆ: ಎಮ್ಮೆ ಹಿಂಡುವವಳು ಹಿಂಡುತ್ತಿದ್ದಾಳೆ, ಹರಟೆಕಟ್ಟೆಯವರು ಹರಟುತ್ತಿದ್ದಾರೆ. ಪಂಡಿತರು ಅದನ್ನು ಪ್ರವಾಸಿಗಳ ಆಟಿಕೆ ಎನ್ನಬಹುದು. ನನಗದು ಒಂದು ವಿಷಯದಲ್ಲಿ ಗಾಜಿನ ಪೆಟ್ಟಿಗೆಗಿಂತ ಮೇಲು: ಅಲ್ಲಿ ವಸ್ತು ಒಂಟಿಯಾಗಿಲ್ಲ, ಅದನ್ನು ಹಿಡಿದ ಮೈಯ ಬಾಗೂ ಜೊತೆಗಿದೆ. ಲುಲುವಾ ತಲೆಗಿಂಬನ್ನು ತೋರಿಸುವವರು ಮಲಗಿದವಳ ಒಂದು ಗೆರೆಚಿತ್ರವನ್ನಾದರೂ ಪಕ್ಕದಲ್ಲಿ ಇಡಬಾರದೆ?

ಮಾಡಿದವರ ಹೆಸರಿನ ಮಾತೂ ಇದೆ. ಕಾಂಗೊದ ಕೆತ್ತುಗರ ಹೆಸರು ಸಂಗ್ರಹಕಾರರು ಕೇಳಿಕೊಳ್ಳಲಿಲ್ಲ; ಆಮೇಲೆ ವಿದ್ವಾಂಸರು ಜಡೆಕಟ್ಟಿನ ಶೈಲಿ ನೋಡಿ 'ಜಲಪಾತ ಜಡೆಯ ಗುರು' ಎಂಬಂಥ ಹೆಸರುಗಳನ್ನು ತಾವೇ ಇಟ್ಟರು. ಅಜ್ಜನ ದೋಣಿಗೆ ಆ ಸ್ಥಿತಿ ಬಂದಿರಲಿಲ್ಲ. ಯಾರು ಮಾಡಿದ್ದೆಂದು ಕೇಳಿದ್ದಕ್ಕೆ, "ನಮ್ಮ ಅಪ್ಪಗ ಊರ ಬಡಿಗ್ಯಾರು ಮಾಡಿಕೊಟ್ಟಿದ್ದು. ರೊಕ್ಕ ತಗೊಳ್ಳಿಲ್ಲ, ಮೊದಲ ದೋಣಿ ತುಪ್ಪ ಅವರ ಮನೀಗೆ ಹೋತು" ಎಂದರು. ಮಗನಿಗೆ ಹಿತ್ತಾಳೆಯದನ್ನು ಕೊಡಿಸಿದ್ದಾರೆ. ಮರದ್ದು ಬಿರಿಯುತ್ತದೆ, ಮಾಡುವವರೂ ಈಗ ಬಾಗಿಲು-ಚೌಕಟ್ಟು ಬಿಟ್ಟು ಬೇರೆ ಹಿಡಿಯುವುದಿಲ್ಲ. ಹಿತ್ತಾಳೆ ತೊಳೆದರೆ ಹೊಳೆಯುತ್ತದೆ, ತುಪ್ಪ ಕುಡಿಯುವುದಿಲ್ಲ.

ಕಾರ್ಣಿಕ ಮುಗಿದು ಜನ ಕರಗಿದ ಮೇಲೆ ಇಬ್ಬರೂ ಸ್ಟೇಷನ್ನಿನ ತನಕ ಜೊತೆಗೆ ನಡೆದೆವು. ಪ್ಯಾಸೆಂಜರ್ ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿತು. ಅಜ್ಜ ದೋಣಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕಂಬಳಿಯಲ್ಲಿ ಸುತ್ತಿ, ಮಗುವನ್ನು ಕೂರಿಸಿಕೊಂಡಂತೆ ತೊಡೆಯ ಮೇಲೆ ಇಟ್ಟುಕೊಂಡರು. ತಲೆಗೆ ಕಂಬಳಿ ಇಲ್ಲದಾಯಿತು. ಬ್ಯಾಡಗಿ ಬರುವ ಹೊತ್ತಿಗೆ ಅವರ ತಲೆ ಕಿಟಕಿಯ ಸರಳಿಗೆ ಡಬ್ ಡಬ್ ಎಂದು ಬಡಿಯುತ್ತಿತ್ತು. ನಾನು ನನ್ನ ಟವೆಲನ್ನು ಮಡಚಿ ನಡುವೆ ಸಿಕ್ಕಿಸಿದೆ. ಅವರಿಗೆ ಎಚ್ಚರವಾಗಲಿಲ್ಲ, ಎರಡೂ ಕೈ ದೋಣಿಯ ಮೇಲೆ ಹಾಗೇ ಇದ್ದವು.